ಹೊಗೆ ಅಟ್ಟದಿಂದ ಇಳಿಸಿದ ಆಂಪ್ಲಿಫೈಯರ್, ಪ್ಲಗ್ ಹಾಕಬಹುದಾ?

ಹೊಗೆಅಟ್ಟ (ಶನಿವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಲು ಆಳುಗಳು ಬಂದಿದ್ದರು. ಅಡುಗೆಮನೆ ಮೇಲಿನ ಹೊಗೆ ಅಟ್ಟ ಖಾಲಿ ಮಾಡಬೇಕಾಯಿತು. ಹಳೇ ಬುಟ್ಟಿಗಳು, ಮುರಿದ ಕಡಗೋಲು, ಎರಡು ಕಂಬಳಿ. ಅದರ ಹಿಂದೆ ಗೋಣಿಚೀಲ ಸುತ್ತಿದ ಭಾರದ ಪೆಟ್ಟಿಗೆ. ಬೆಲ್ಲದ ಡಬ್ಬಿ ಅಂದುಕೊಂಡು ಎತ್ತಿದರೆ ಸೊಂಟ ಹಿಡಿದುಕೊಂಡಿತು.

ಬಿಚ್ಚಿದರೆ ಚಿಕ್ಕಪ್ಪನ ಆಂಪ್ಲಿಫೈಯರ್! 1984ರಲ್ಲಿ ಮಸ್ಕತ್‌ನಿಂದ ತಂದದ್ದು. ಜಪಾನ್ ಕಂಪನಿಯದು. ಹೆಸರು ಹೇಳುವುದಿಲ್ಲ, ಹೇಳಿದರೆ ಇಲ್ಲಿ ಯಾವ ಕಂಪನಿ ಮೇಲು ಅಂತ ಜಗಳ ಶುರುವಾಗುತ್ತದೆ. ಹಿಂದುಗಡೆ ಚಾನೆಲ್‌ಗೆ 35 ವಾಟ್, 8 ಓಮ್ ಅಂತ ಬರೆದಿದೆ. ಮುಂದೆ ಅಲ್ಯುಮಿನಿಯಂ ಫಲಕ, ದಪ್ಪ ವಾಲ್ಯೂಮ್ ಗುಂಡಿ, ಎರಡು ಸೂಜಿ ಮೀಟರ್.

1997ರಲ್ಲಿ ಒಂದು ದಿನ ಸದ್ದು ನಿಂತುಹೋಯಿತು. ಲೈಟು ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ. ಪೇಟೆಯ ಒಬ್ಬ ಮೆಕ್ಯಾನಿಕ್ ನೋಡಿ, ಔಟ್‌ಪುಟ್ (ಸ್ಪೀಕರ್ ಓಡಿಸುವ ಕೊನೆಯ ಭಾಗ) ಹೋಗಿದೆ, ಪಾರ್ಟ್ ಸಿಗುವುದಿಲ್ಲ ಎಂದ. ಚಿಕ್ಕಪ್ಪ ಅಷ್ಟರಲ್ಲಿ ಟೇಪ್ ಡೆಕ್ ತೆಗೆದುಕೊಂಡು ಬೆಂಗಳೂರಿಗೆ ಮನೆ ಮಾಡಿದ್ದರು. ಇದು ಅಟ್ಟ ಸೇರಿತು. 27 ವರ್ಷ ಆಯಿತು.

ಈಗ ಪ್ಲಗ್ ಹಾಕಿ ನೋಡಲಾ? ಕೈ ತುರಿಸುತ್ತಿದೆ.

ಬೆಸುಗೆ_ಭದ್ರಾವತಿ

ಹಾಕಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಒಳಗೆ ಎರಡು ದೊಡ್ಡ ಕೆಪಾಸಿಟರ್ ಇರುತ್ತವೆ, ಲೋಟದ ಹಾಗೆ, ಚಾರ್ಜ್ ಹಿಡಿದಿಡುವುದಕ್ಕೆ. ಅದರೊಳಗೆ ಅಲ್ಯುಮಿನಿಯಂ ಹಾಳೆ, ಹಾಳೆಯ ಮೇಲೆ ಆಕ್ಸೈಡಿನ ತೆಳ್ಳನೆ ಪದರ. ಆ ಪದರವೇ ಕರೆಂಟನ್ನು ತಡೆದು ನಿಲ್ಲಿಸುವುದು. ವರ್ಷಗಟ್ಟಲೆ ವೋಲ್ಟೇಜ್ ಕಾಣದಿದ್ದರೆ ಅದು ಸವೆಯುತ್ತದೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಕೆಪಾಸಿಟರ್ ತಡೆಯುವ ಬದಲು ಸೋರುತ್ತದೆ, ಬಿಸಿಯಾಗುತ್ತದೆ, ಹಣೆಬರಹ ಕೆಟ್ಟಿದ್ದರೆ ಸಿಡಿಯುತ್ತದೆ. ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಎಲ್ಲ ಸಲವೂ ಅಲ್ಲ, ಬಹಳ ಸಲ.

ಮನೆಯಲ್ಲೇ ಮಾಡುವ ಉಪಾಯ ಸೀರೀಸ್ ಬಲ್ಬು. ಒಂದು ಮರದ ಹಲಗೆ, ಒಂದು ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರು ಬಲ್ಬಿನ ಮೂಲಕ ಹಾದು ಸಾಕೆಟ್‌ಗೆ ಹೋಗಬೇಕು. ಬಲ್ಬು 60 ಅಥವಾ 100 ವಾಟಿನದು, ತಂತಿ ಇರುವ ಹಳೇ ಕಾಲದ್ದೇ ಆಗಬೇಕು. ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಆಂಪ್ಲಿಫೈಯರ್ ಉಳಿಯುತ್ತದೆ. ಸರಿಯಿದ್ದರೆ ಒಮ್ಮೆ ಜೋರಾಗಿ ಉರಿದು ಮಂಕಾಗುತ್ತದೆ.

ಮೊದಲು ಮುಚ್ಚಳ ಬಿಚ್ಚಿ ಫೋಟೋ ಹಾಕಿ. ಸ್ಪೀಕರ್ ಜೋಡಿಸಬೇಡಿ.

ಗೋಪಿಸರ್ಕಲ್_ಗಿರಾಕಿ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಎರಡು ಸಾವಿರಕ್ಕೆ ಬ್ಲೂಟೂತ್ ಸ್ಪೀಕರ್ ಬರುತ್ತದೆ. ಜೇಬಿನಲ್ಲಿ ಇಟ್ಟುಕೊಂಡು ತೋಟಕ್ಕೂ ಹೋಗಬಹುದು. ಇದನ್ನು ಗುಜರಿಗೆ ಹಾಕಿದರೆ ತಾಮ್ರದ ದುಡ್ಡಾದರೂ ಸಿಗುತ್ತದೆ.

ಆಗುಂಬೆ_ಛತ್ರಿ

ಗಿರಾಕಿ ಅಣ್ಣ, ನಿಮ್ಮನ್ನು ಈ ಗುಂಪಿಗೆ ಸೇರಿಸಿದವರು ಯಾರು?

ಹೊಗೆಅಟ್ಟ ಅವರೇ, ನಿಮ್ಮ ಪುಣ್ಯ ಅದು ಹೊಗೆ ಅಟ್ಟದಲ್ಲಿ ಇದ್ದದ್ದು. ನಮ್ಮಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈನಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ದೇವರ ಫೋಟೋಕ್ಕೂ ಬರುತ್ತದೆ. ನಮ್ಮ ಅಪ್ಪನ ಆಂಪ್ಲಿಫೈಯರ್ ಜಗಲಿಯ ಗೂಡಿನಲ್ಲಿ ಇತ್ತು. ಒಳಗಿನ ಕಬ್ಬಿಣ ಎಲ್ಲಾ ತುಕ್ಕು, ಬೋರ್ಡಿನ ಮೇಲೆ ಬಿಳೀ ಹತ್ತಿ ಬೆಳೆದ ಹಾಗೆ. ನಾನು ಬುದ್ಧಿವಂತ ಅಂತ ನೇರ ಪ್ಲಗ್ ಹಾಕಿದೆ. ಐದು ಸೆಕೆಂಡ್ ಸುಮ್ಮನಿತ್ತು. ಆಮೇಲೆ ಪಟ್ ಅಂತ ಒಂದು ಸದ್ದು, ಮೀನು ಸುಟ್ಟ ವಾಸನೆ, ಗೋಡೆಗೆಲ್ಲ ಕಂದು ಕಾಗದದ ಚೂರು. ಆ ವಾಸನೆ ಮೂರು ದಿನ ಹೋಗಲಿಲ್ಲ. ಅಮ್ಮ ಇವತ್ತಿಗೂ ಹೇಳುತ್ತಾರೆ.

ಹೊಗೆಅಟ್ಟ (ಭಾನುವಾರ ಮಧ್ಯಾಹ್ನ)

ಬಿಚ್ಚಿದೆ. ಆರು ಸ್ಕ್ರೂ, ಅದರಲ್ಲಿ ಒಂದು ಬೇರೆ ಯಾವುದೋ ರೇಡಿಯೋದ್ದು. ಅಂದರೆ ಯಾರೋ ಮೊದಲು ಬಿಚ್ಚಿದ್ದಾರೆ.

ಮೇಲೆಲ್ಲ ಇಲ್ಲಣ. ಎಣ್ಣೆ ಎಣ್ಣೆ ಮಸಿ, ಬೆರಳಿಟ್ಟರೆ ಅಂಟುತ್ತದೆ. ಆದರೆ ತುಕ್ಕಿಲ್ಲ, ಬೂಷ್ಟಿಲ್ಲ. ಟ್ರಾನ್ಸ್‌ಫಾರ್ಮರ್ ಪಕ್ಕ ಕಡಜ ಮಣ್ಣಿನ ಗೂಡು ಕಟ್ಟಿದೆ, ಅಚ್ಚುಕಟ್ಟಾಗಿ ನಾಲ್ಕು ಕೋಣೆ. ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ. ದೊಡ್ಡ ಕೆಪಾಸಿಟರ್ ಎರಡೂ 6800 ಮೈಕ್ರೋಫ್ಯಾರಡ್, 50 ವೋಲ್ಟ್. ತಲೆ ಉಬ್ಬಿಲ್ಲ, ಬುಡದಲ್ಲಿ ಸೋರಿಲ್ಲ.

ಮುಖ್ಯ ವಿಷಯ ಫ್ಯೂಸು. ಗಾಜಿನ ಫ್ಯೂಸಿನ ಹೊರಗೆ ವೈರಿನ ಮೂರು ಎಳೆ ಸುತ್ತಿದ್ದಾರೆ. ಒಳಗಿನ ತಂತಿ ಸುಟ್ಟುಹೋಗಿದೆ. ಎಳೆಯ ಮೇಲೇ ನಡೆಯುತ್ತಿತ್ತು ಅಂತ ಕಾಣುತ್ತದೆ.

ಇಲ್ಲಣ ತೆಗೆಯಲು ಪಕ್ಕದ ಮನೆಯ ಹುಡುಗ ಒಂದು ಸಲಹೆ ಕೊಟ್ಟ. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿನಲ್ಲಿ ಗಾಳಿ ಬಿಡಬಹುದಂತೆ.

ಬೆಸುಗೆ_ಭದ್ರಾವತಿ

ಅಯ್ಯೋ, ಬೇಡ! ಬೋರ್ಡೋದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. ಪಂಪಿನ ಮೂತಿಯಲ್ಲಿ ಒಂದು ಹನಿ ಉಳಿದಿದ್ದರೂ ಸಾಕು, ಬೋರ್ಡಿನ ಮೇಲೆ ತಾಮ್ರದ ಉಪ್ಪು. ತೋಟಕ್ಕೆ ಒಳ್ಳೆಯದು, ಆಂಪ್ಲಿಫೈಯರ್‌ಗೆ ವಿಷ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಆ ಟ್ಯಾಂಕಿನಲ್ಲಿ ನೀರು ಇರುತ್ತದೆ. ಬಣ್ಣ ಹಚ್ಚುವ ಮೆತ್ತನೆ ಬ್ರಷ್ ತಗೊಳ್ಳಿ, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಅಂಟಿದ್ದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್. ಸೀಮೆಎಣ್ಣೆ ಅಲ್ಲ.

ಫ್ಯೂಸಿನ ವಿಷಯ. ನಮ್ಮ ಊರುಗಳಲ್ಲಿ ಫ್ಯೂಸ್ ಕಟ್ಟುವುದು ಒಂದು ಕಲೆ ಅಂತ ತಿಳಿದವರು ಇದ್ದಾರೆ. ಮೂರು ಎಳೆ ತಾಮ್ರ ಅಂದರೆ ಫ್ಯೂಸೇ ಇಲ್ಲ ಅಂತ ಅರ್ಥ. ಮನೆ ಸುಡುವವರೆಗೂ ಅದು ಹೋಗುವುದಿಲ್ಲ. ಕಿತ್ತು ಎಸೆಯಿರಿ. ಹೋಲ್ಡರ್ ಪಕ್ಕ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ, ಅಷ್ಟರದ್ದೇ ಹಾಕಿ.

ಇನ್ನೊಂದು. ಕರೆಂಟ್ ಕೊಟ್ಟು ಆರಿಸಿದ ಮೇಲೂ ಆ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಶೂರತನ ಬೇಡ. 1 ಕಿಲೋ ಓಮ್, 5 ವಾಟಿನ ರೆಸಿಸ್ಟರ್ ಅಡ್ಡ ಹಿಡಿದರೆ ಅರ್ಧ ನಿಮಿಷದಲ್ಲಿ ಇಳಿಯುತ್ತದೆ.

ಸಾಗರದ_ಲ್ಯಾಬ್

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಹಿಂದುಗಡೆ ವೋಲ್ಟೇಜ್ ಸೆಲೆಕ್ಟರ್ ಇದೆಯಾ ನೋಡಿ. ಹೊರದೇಶದಿಂದ ತಂದ ಸೆಟ್‌ಗಳಲ್ಲಿ 110, 120, 220, 240 ಅಂತ ತಿರುಗಿಸುವ ಒಂದು ಬಿಲ್ಲೆ ಇರುತ್ತದೆ. ಜಪಾನಿನ ಒಳಗೇ ಮಾರುವುದಕ್ಕೆ ಮಾಡಿದ್ದಾದರೆ ಬರೀ 100 ವೋಲ್ಟ್. ಯಾರಾದರೂ ಮಕ್ಕಳು ಆ ಬಿಲ್ಲೆ ತಿರುಗಿಸಿ 120ಕ್ಕೆ ಇಟ್ಟಿದ್ದರೆ ನಿಮ್ಮ ಬಲ್ಬಿನ ಪರೀಕ್ಷೆ ಶುರುವಿನಲ್ಲೇ ಹಾದಿ ತಪ್ಪುತ್ತದೆ. 240ಕ್ಕೆ ಇಡಿ. ಹಳ್ಳಿ ಲೈನಿನಲ್ಲಿ ಸಂಜೆ ಮೋಟರ್ ಓಡುವಾಗ ವೋಲ್ಟೇಜ್ ಇಳಿಯುತ್ತದೆ, ನಡುರಾತ್ರಿ 250 ದಾಟುವುದೂ ಇದೆ.

ನನ್ನ ಪ್ರಕಾರ ಬಲ್ಬಿಗಿಂತ ಡಿಮ್ಮರ್‌ಸ್ಟಾಟ್ ಒಳ್ಳೆಯದು. ಯಾವುದಾದರೂ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇರುತ್ತದೆ, ಸೊನ್ನೆಯಿಂದ ಮೇಲಕ್ಕೆ ತಿರುಗಿಸುತ್ತಾ ಹೋಗಬಹುದು. ಆದರೆ ಫ್ಯಾನ್ ರೆಗ್ಯುಲೇಟರ್ ಹಾಕಿ ಅದೇ ಕೆಲಸ ಮಾಡುತ್ತೇನೆ ಅನ್ನಬೇಡಿ. ಟ್ರಾನ್ಸ್‌ಫಾರ್ಮರ್‌ಗೆ ಅದು ಆಗುವುದಿಲ್ಲ.

ಬೆಸುಗೆ_ಭದ್ರಾವತಿ

ಮೇಡಂ ಹೇಳಿದ್ದು ಸರಿ, ಸೆಲೆಕ್ಟರ್ ನನಗೆ ಮರೆತೇ ಹೋಗಿತ್ತು. ಡಿಮ್ಮರ್‌ಸ್ಟಾಟ್ ವಿಷಯದಲ್ಲಿ ಮಾತ್ರ ಪೂರ್ತಿ ಒಪ್ಪುವುದಿಲ್ಲ. ಅದು ವೋಲ್ಟೇಜ್ ಏರಿಸುತ್ತದೆ, ಕರೆಂಟಿಗೆ ತಡೆ ಹಾಕುವುದಿಲ್ಲ. ಶಾರ್ಟ್ ಇದ್ದರೆ 60 ವೋಲ್ಟಿನಲ್ಲೂ ಟ್ರಾನ್ಸಿಸ್ಟರ್ ಹೋಗುತ್ತದೆ. ಎರಡೂ ಸೇರಿಸಿದರೆ ಉತ್ತಮ. ಒಂದೇ ಅಂದರೆ ನಾನು ಬಲ್ಬೇ ಅನ್ನುತ್ತೇನೆ.

ಸಾಗರದ_ಲ್ಯಾಬ್

ಆಮ್ಮೀಟರ್ ಇಟ್ಟುಕೊಂಡು ಮಾಡಿದರೆ ಹಾಗೆ ಆಗುವುದಿಲ್ಲ ಸರ್. ಇರಲಿ, ಅವರ ಹತ್ತಿರ ಎರಡೂ ಇಲ್ಲ.

ಹೊಗೆಅಟ್ಟ (ಮಂಗಳವಾರ)

ಸೆಲೆಕ್ಟರ್ 220ರಲ್ಲಿ ಇತ್ತು. 240ಕ್ಕೆ ಇಟ್ಟೆ.

100 ವಾಟ್ ಬಲ್ಬು ಹುಡುಕುವುದೇ ದೊಡ್ಡ ಕೆಲಸ ಆಯಿತು. ತೀರ್ಥಹಳ್ಳಿಯಲ್ಲಿ ನಾಲ್ಕು ಅಂಗಡಿ ತಿರುಗಿದೆ. ಎಲ್ಲರೂ ಎಲ್‌ಇಡಿ ತೋರಿಸಿ, ಇದೇ ಜಾಸ್ತಿ ಬೆಳಕು ಸರ್, ಕರೆಂಟೂ ಉಳಿಯುತ್ತದೆ ಎಂದರು. ಕೊನೆಗೆ ಸಿಕ್ಕಿದ್ದು ಕೋಳಿಮರಿ ಸಾಕುವವರ ಹತ್ತಿರ. ಮರಿಗಳಿಗೆ ಬಿಸಿ ಬೇಕಲ್ವಾ, ಅದಕ್ಕೆ ಇಟ್ಟಿದ್ದರು. ಒಂದು ಕೊಟ್ಟು, ಹಾಡು ಬಂದರೆ ಕರೆಯಿರಿ ಎಂದರು.

ಈಗ ಹೇಳುತ್ತೇನೆ ಕೇಳಿ. ಮಕ್ಕಳನ್ನು ದೂರ ನಿಲ್ಲಿಸಿದೆ. ಅಮ್ಮ ತಾನೇ ದೂರ ನಿಂತರು. ಸ್ವಿಚ್ ಒತ್ತಿದೆ. ಬಲ್ಬು ಭಗ್ ಅಂತ ಹೊತ್ತಿತು. ನನ್ನ ಎದೆಯೂ. ಒಂದು, ಎರಡು ಎಣಿಸುವಷ್ಟರಲ್ಲಿ ಕೆಂಪಗಾಗಿ, ಆಮೇಲೆ ತಂತಿ ಕೆಂಡದ ಹಾಗೆ ಬರೀ ಮಿಣುಕು. ಮೀಟರಿನ ದೀಪ ಹಳದಿಯಾಗಿ ಬಂತು. ಮಸಿ ಬಿಸಿಯಾಗಿ ಸ್ವಲ್ಪ ಹೊಗೆ ವಾಸನೆ, ಒಲೆಯದ್ದೇ ವಾಸನೆ. ಅರ್ಧ ಗಂಟೆ ಹಾಗೇ ಬಿಟ್ಟೆ. ಯಾವುದೂ ಬಿಸಿಯಾಗಲಿಲ್ಲ. ಬಲ್ಬು ತೆಗೆದು ನೇರ ಕೊಟ್ಟೆ. ನಾಲ್ಕು ಸೆಕೆಂಡ್ ಬಿಟ್ಟು ಒಳಗೆ 'ಟಿಕ್' ಅಂತ ಸದ್ದು.

ಬೆಸುಗೆ_ಭದ್ರಾವತಿ

ಆ ಟಿಕ್ ನನಗೆ ಇಲ್ಲಿಗೇ ಕೇಳಿಸಿತು! ಅದು ಸ್ಪೀಕರ್ ಕಾಯುವ ರಿಲೇ, ತಾನಾಗಿ ಕೂಡಿಕೊಳ್ಳುವ ಸ್ವಿಚ್. ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಇದ್ದರೆ ಅದು ಕೂಡಿಕೊಳ್ಳುವುದೇ ಇಲ್ಲ. ಕೂಡಿಕೊಂಡಿದೆ ಅಂದರೆ ಆ ಮೆಕ್ಯಾನಿಕ್ ಹೇಳಿದ 'ಔಟ್‌ಪುಟ್ ಹೋಗಿದೆ' ಮಾತು ಬಹುಶಃ ಸುಳ್ಳು. ಆದರೂ ಸ್ಪೀಕರ್ ಹಾಕುವ ಮೊದಲು ಅಳೆಯಿರಿ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್ ಕೆಂಪು ಕಪ್ಪು ಮುಟ್ಟಿಸಿ. 50ರ ಒಳಗೆ ಇದ್ದರೆ ನಿಶ್ಚಿಂತೆ. 100 ದಾಟಿದರೆ ನಿಲ್ಲಿಸಿ.

ಹೊಗೆಅಟ್ಟ

ಎಡ 18, ಬಲ 31.

ಹಳೇ ಸ್ಪೀಕರ್ ಇನ್ನೂ ಅಟ್ಟದಲ್ಲೇ ಇದೆ, ಸದ್ಯಕ್ಕೆ ಮಗಳ ಸಣ್ಣ ಸ್ಪೀಕರ್ ಜೋಡಿಸಿದೆ. ಮೊಬೈಲಿನಿಂದ ವೈರು ಹಾಕಿ ಹಿಂದುಗಡೆಯ ಆಕ್ಸ್ ತೂತಿಗೆ ಕೊಟ್ಟೆ. ಸದ್ದಿಲ್ಲ. ಟ್ಯೂನರ್‌ಗೆ ಕೊಟ್ಟೆ. ಸದ್ದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೂ ಬರೀ ಸಣ್ಣ ಸುಯ್. 1997ರ ಕಥೆಯೇ ಮತ್ತೆ. ಮೆಕ್ಯಾನಿಕ್ ಹೇಳಿದ್ದೇ ನಿಜವೇನೋ.

ಗೋಪಿಸರ್ಕಲ್_ಗಿರಾಕಿ

ಗುಜರಿ. ನಾನು ಮೊದಲೇ ಹೇಳಿದ್ದೆ.

ಆಗುಂಬೆ_ಛತ್ರಿ

ಹಿಂದುಗಡೆ ಪ್ರೀ ಔಟ್, ಮೇನ್ ಇನ್ ಅಂತ ಇದ್ದರೆ ಅಲ್ಲಿ ಆಂಪ್ಲಿಫೈಯರ್‌ನ ಮೊದಲ ಅರ್ಧವನ್ನೂ ಕೊನೆಯ ಅರ್ಧವನ್ನೂ ಜೋಡಿಸುವ U ಆಕಾರದ ಎರಡು ತಂತಿ ತುಂಡು ಇರಬೇಕು. ಅದನ್ನು ಕಿತ್ತು ಮಕ್ಕಳು ಆಟ ಆಡಿದ್ದರೆ ಸದ್ದು ಬರುವುದಿಲ್ಲ. ನಮ್ಮದರಲ್ಲಿ ಒಂದು ತುಂಡನ್ನು ಅಜ್ಜಿ ಕ್ಯಾಲೆಂಡರ್ ತೂಗುಹಾಕಲು ಬಳಸಿದ್ದರು.

ಕ್ಯಾಸೆಟ್_ಕಾಲ (ರಾತ್ರಿ 11.40)

ನಾನು ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಒಂದೇ ಪ್ರಶ್ನೆ. ಮುಂದಿನ ಫಲಕದಲ್ಲಿ 'ಟೇಪ್ ಮಾನಿಟರ್' ಅಂತ ಒಂದು ಗುಂಡಿ ಇರಬೇಕು. ಅದು ಒಳಗೆ ಇದೆಯಾ, ಹೊರಗೆ ಇದೆಯಾ?

ಹೊಗೆಅಟ್ಟ (ರಾತ್ರಿ 11.52)

ಒಳಗೆ.

ಹೊಗೆಅಟ್ಟ (ರಾತ್ರಿ 11.58)

ಮನೆಯವರೆಲ್ಲ ಎದ್ದರು. ವಾಲ್ಯೂಮ್ ಪೂರ್ತಿ ಏರಿಸಿದ್ದು ಮರೆತು ಗುಂಡಿ ಒತ್ತಿಬಿಟ್ಟೆ. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿದೆ. ಬೆಳಿಗ್ಗೆ ಬರೆಯುತ್ತೇನೆ.

ಕ್ಯಾಸೆಟ್_ಕಾಲ

ನಿದ್ದೆ ಬರದವರಿಗಾಗಿ ಹೇಳುತ್ತೇನೆ. ಆ ಗುಂಡಿ ಒತ್ತಿದರೆ ಆಂಪ್ಲಿಫೈಯರ್ ತನಗೆ ಬಂದ ಸದ್ದನ್ನು ಟೇಪ್ ಡೆಕ್‌ಗೆ ಕಳಿಸಿ, ಅಲ್ಲಿಂದ ವಾಪಸ್ ಬಂದದ್ದನ್ನು ಮಾತ್ರ ಕೇಳಿಸುತ್ತದೆ. ಮೂರು ಹೆಡ್ ಇರುವ ಡೆಕ್‌ನಲ್ಲಿ ಈಗಷ್ಟೇ ಟೇಪಿನ ಮೇಲೆ ಬಿದ್ದದ್ದನ್ನು ಆಗಲೇ ಕೇಳಬಹುದಿತ್ತು, ರೆಕಾರ್ಡಿಂಗ್ ಸರಿಯಾಗುತ್ತಿದೆಯಾ ಅಂತ ನೋಡಲು. ಡೆಕ್ ಇಲ್ಲದಿದ್ದರೆ ವಾಪಸ್ ಬರುವುದೇನು? ಏನೂ ಇಲ್ಲ. ಲೈಟ್ ಇರುತ್ತದೆ, ರಿಲೇ ಟಿಕ್ ಅನ್ನುತ್ತದೆ, ಆಂಪ್ಲಿಫೈಯರ್ ಸತ್ತ ಹಾಗೆ ಕೂತಿರುತ್ತದೆ. ಮೊದಲ ಪೋಸ್ಟಿನಲ್ಲಿ ಚಿಕ್ಕಪ್ಪ ಡೆಕ್ ತೆಗೆದುಕೊಂಡು ಹೋದರು ಅಂತ ಓದಿದಾಗಲೇ ಅನುಮಾನ ಬಂದಿತ್ತು. ನೀವೆಲ್ಲ ಕೆಪಾಸಿಟರ್‌ನಲ್ಲಿ ಮುಳುಗಿದ್ದಿರಿ, ಸುಮ್ನೆ ಇದ್ದೆ.

ಬೆಸುಗೆ_ಭದ್ರಾವತಿ

ಸುಮ್ಮನಿದ್ದಿರಾ? ನಾಲ್ಕು ದಿನ! ಒಳ್ಳೆ ಜನ ಮಾರಾಯ್ರೆ ನೀವು.

ಹೊಗೆಅಟ್ಟ (ಬುಧವಾರ)

ಬೆಳಿಗ್ಗೆ ಚಿಕ್ಕಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಕೊನೇ ಸಲ ಯಕ್ಷಗಾನದ ಕ್ಯಾಸೆಟ್ ಕಾಪಿ ಮಾಡಿದ್ದೆ. ಗುಂಡಿ ಒತ್ತಿದವನು ನಾನೇ ಇರಬೇಕು ಮಗಾ" ಎಂದರು. ಮತ್ತೆ ಐದು ನಿಮಿಷ ಬಿಟ್ಟು ಅವರೇ ಫೋನ್ ಮಾಡಿ, "ಆ ಮೆಕ್ಯಾನಿಕ್ ನನ್ನ ಹತ್ತಿರ ಇನ್ನೂರು ರೂಪಾಯಿ ತಗೊಂಡಿದ್ದ" ಎಂದು ಇಟ್ಟರು.

ಈಗ ಹೊಸ ತೊಂದರೆ. ವಾಲ್ಯೂಮ್ ತಿರುಗಿಸಿದರೆ ಕರಕರ. ಬಲಗಡೆ ಸಣ್ಣ ಸದ್ದಿನಲ್ಲಿ ಬರುವುದಿಲ್ಲ, ಜೋರು ಮಾಡಿದರೆ ಥಟ್ಟನೆ ಬರುತ್ತದೆ.

ಸಾಗರದ_ಲ್ಯಾಬ್

ಎರಡು ಬೇರೆ ಬೇರೆ ಕಾಯಿಲೆ. ಕರಕರ ವಾಲ್ಯೂಮ್ ಪಾಟ್‌ನದ್ದು, ಅಂದರೆ ಗುಂಡಿಯ ಹಿಂದಿನ ಭಾಗದ್ದು. ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಕೊಳೆ. ಕಾಂಟ್ಯಾಕ್ಟ್ ಕ್ಲೀನರ್ ಸಣ್ಣ ಕಿಂಡಿಯಲ್ಲಿ ಬಿಟ್ಟು ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ಐವತ್ತು ಸಲ ತಿರುಗಿಸಿ. ಬೀಗಕ್ಕೆ, ತಿರುಗಣೆಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದರ ಎಣ್ಣೆ ಉಳಿದು ಧೂಳು ಹಿಡಿಯುತ್ತದೆ.

ಬಲಗಡೆಯದ್ದು ರಿಲೇ. ಅದರ ಬೆಳ್ಳಿ ಬಿಂದುಗಳು ಕಪ್ಪಾಗಿವೆ. ಸಣ್ಣ ಸಿಗ್ನಲ್‌ಗೆ ಆ ಕಪ್ಪನ್ನು ದಾಟುವ ಶಕ್ತಿ ಇಲ್ಲ, ದೊಡ್ಡದು ನುಗ್ಗಿಕೊಂಡು ಬರುತ್ತದೆ. ಪ್ಲಗ್ ತೆಗೆದು, ಚಾರ್ಜ್ ಇಳಿಸಿ, ರಿಲೇಯ ಮುಚ್ಚಳ ತೆಗೆಯಿರಿ. ದಪ್ಪ ಬಿಳಿ ಕಾಗದದ ಪಟ್ಟಿಯನ್ನು ಆಲ್ಕೋಹಾಲ್‌ನಲ್ಲಿ ಅದ್ದಿ, ಬಿಂದುಗಳ ನಡುವೆ ಇಟ್ಟು ಒತ್ತಿ ಎಳೆಯಿರಿ. ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಲ್ಲುವವರೆಗೆ ಎಳೆಯಿರಿ. ಸ್ಯಾಂಡ್‌ಪೇಪರ್ ಬೇಡ. ಆಗದಿದ್ದರೆ ಅದೇ ವೋಲ್ಟೇಜಿನ ಹೊಸ ರಿಲೇ ಬೆಂಗಳೂರು ಎಸ್.ಪಿ. ರೋಡಿನಲ್ಲಿ ಸಿಗುತ್ತದೆ.

ಗೋಪಿಸರ್ಕಲ್_ಗಿರಾಕಿ

ಸರಿ, ಸೋತೆ. ಆದರೆ ಬರೀ 35 ವಾಟ್ ಅಲ್ವಾ? ನನ್ನ ಹತ್ತಿರ 3000 ವಾಟ್ ಪಿಎಂಪಿಒ (ಡಬ್ಬಿಯ ಮೇಲೆ ಬರೆಯುವ ಗರಿಷ್ಠ ಪವರ್) ಹೋಂ ಥಿಯೇಟರ್ ಇದೆ.

ಬೆಸುಗೆ_ಭದ್ರಾವತಿ

ಅದರ ಹಿಂದುಗಡೆ 'ಪವರ್ ಕನ್ಸಂಪ್ಶನ್' ಅಂತ ಇರುತ್ತದೆ, ಓದಿ ಹೇಳಿ.

ಗೋಪಿಸರ್ಕಲ್_ಗಿರಾಕಿ

60 ವಾಟ್.

ಬೆಸುಗೆ_ಭದ್ರಾವತಿ

ಗೋಡೆಯಿಂದ 60 ವಾಟ್ ತಗೊಂಡು 3000 ವಾಟ್ ಕೊಡುವ ಯಂತ್ರ ನಿಮ್ಮ ಮನೆಯಲ್ಲಿ ಇದ್ದರೆ ಲಿಂಗನಮಕ್ಕಿ ಡ್ಯಾಮೇ ಬೇಕಾಗಿರಲಿಲ್ಲ. 1978ರಲ್ಲಿ ಬಂದ ಎನ್‌ಎಡಿ 3020 ಆಂಪ್ಲಿಫೈಯರ್ ಹೆಸರು ಕೇಳಿದ್ದೀರಲ್ಲ, ಅದಕ್ಕೆ ಬರೆದದ್ದು ಬರೀ 20 ವಾಟ್. ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 20ಕ್ಕೂ 35ಕ್ಕೂ ಕೇಳುವಾಗ ದೊಡ್ಡ ವ್ಯತ್ಯಾಸ ಇಲ್ಲ.

ಹೊಗೆಅಟ್ಟ (ಮುಂದಿನ ಭಾನುವಾರ)

ಕಾಗದದ ಪಟ್ಟಿ ಕೆಲಸ ಮಾಡಿತು. ಏಳು ಸಲ ಎಳೆದೆ, ಮೊದಲನೆಯದರಲ್ಲಿ ಕಾಡಿಗೆಯ ಹಾಗೆ ಗೆರೆ. ಈಗ ಎರಡೂ ಕಡೆ ಸಮ.

ಅಟ್ಟದಿಂದ ಹಳೇ ಸ್ಪೀಕರನ್ನೂ ಇಳಿಸಿದೆ. ಬಟ್ಟೆಯ ಜಾಲರಿ ತೆಗೆದು ಕೋನಿನ ಸುತ್ತಲಿನ ಫೋಮ್ ಮುಟ್ಟಿದರೆ, ಹಳೇ ಹೋಳಿಗೆ ಪುಡಿಯಾದ ಹಾಗೆ ಉದುರಿತು. ಕೈಗೆ ಅಂಟು ಅಂಟು.

ಆಗುಂಬೆ_ಛತ್ರಿ

ಅದು ಎಲ್ಲ ಕಡೆ ಆಗುವುದೇ, ನಮ್ಮ ತೇವಕ್ಕೆ ಇನ್ನೂ ಬೇಗ. ಆ ಫೋಮನ್ನು ನೀರಿನ ಪಸೆಯೇ ತಿನ್ನುತ್ತದೆ. ರಬ್ಬರ್ ಅಥವಾ ಬಟ್ಟೆಯ ಅಂಚು ಇದ್ದವು ಇನ್ನೂ ಗಟ್ಟಿ ಇರುತ್ತವೆ. 8 ಇಂಚಿನ ಫೋಮ್ ಉಂಗುರ ಆನ್‌ಲೈನ್‌ನಲ್ಲಿ ಬರುತ್ತದೆ, ಅಂಟಿಸುವಾಗ ಕೋನ್ ನಡುವಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಕಾಯಿಲ್ ಉಜ್ಜುತ್ತದೆ. ಮಳೆಗಾಲದಲ್ಲಿ ಮಾಡಬೇಡಿ, ಅಂಟು ಒಣಗುವುದಿಲ್ಲ. ದೀಪಾವಳಿ ಆದ ಮೇಲೆ ಮಾಡಿ. ಗುಡುಗು ಶುರುವಾಯಿತು, ಪ್ಲಗ್ ತೆಗೆದಿಡುವುದು ಮರೆಯಬೇಡಿ.

ಕ್ಯಾಸೆಟ್_ಕಾಲ

ಡೆಕ್ ಏನಾಯಿತು? ಕ್ಯಾಸೆಟ್‌ಗಳು ಇವೆಯಾ?

ಹೊಗೆಅಟ್ಟ

ಡೆಕ್ ಚಿಕ್ಕಪ್ಪನ ಹತ್ತಿರವೇ ಇದೆ, ಬೆಲ್ಟ್ ಕರಗಿ ಡಾಂಬರಿನ ಹಾಗೆ ಆಗಿದೆಯಂತೆ. ಮುಂದಿನ ತಿಂಗಳು ತರುತ್ತಾರೆ. ಕ್ಯಾಸೆಟ್ ಒಂದು ಟ್ರಂಕ್ ತುಂಬ ಇದೆ. ಕಾಳಿಂಗ ನಾವಡರ ಯಕ್ಷಗಾನದ ಪದಗಳು, ಹೊಸಹಳ್ಳಿಯವರ ಗಮಕ, ಚಿಕ್ಕಪ್ಪನ ಮದುವೆಯ ಓಲಗ. ಕೆಲವಕ್ಕೆ ಬೂಷ್ಟು ಬಂದಿದೆ.

ಕ್ಯಾಸೆಟ್_ಕಾಲ

ಬೂಷ್ಟು ಬಂದದ್ದನ್ನು ಡೆಕ್‌ಗೆ ಹಾಕಬೇಡಿ, ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಬರುತ್ತೇನೆ. ಈ ಸಲ ನಾಲ್ಕು ದಿನ ಕಾಯಿಸುವುದಿಲ್ಲ.

ಹೊಗೆಅಟ್ಟ

ಸದ್ಯಕ್ಕೆ ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಇಯರ್‌ಫೋನ್ ತೂತಿನಿಂದ ವೈರು ಎಳೆದು ಭದ್ರಾವತಿ ಆಕಾಶವಾಣಿ ಹಾಕಿದ್ದೇನೆ. ಹೊರಗೆ ಮೊದಲ ಮಳೆ. ಅಮ್ಮ ಅಡಿಕೆ ಹಾಳೆ ಒಳಗೆ ಎಳೆಯುತ್ತಾ, "ಅವತ್ತು ಇದೇ ಜಾಗದಲ್ಲಿ ಇತ್ತು, ಇನ್ನೂ ಸ್ವಲ್ಪ ಆ ಕಡೆ" ಎಂದರು. ಅರ್ಧ ಅಡಿ ಸರಿಸಿದೆ. ಕೋಳಿಮರಿಯವರನ್ನೂ ಕರೆದಿದ್ದೆ, ಬಂದು ಕಾಫಿ ಕುಡಿದು ಬಲ್ಬು ವಾಪಸ್ ತಗೊಂಡು ಹೋದರು.

ಒಂದೇ ಪ್ರಶ್ನೆ ಉಳಿದಿದೆ. ಆಂಪ್ಲಿಫೈಯರ್ ಮೇಲೆ ಬೆಚ್ಚಗೆ ಇರುತ್ತದಲ್ಲ, ಬೆಕ್ಕು ಬಂದು ಅಲ್ಲೇ ಮಲಗುತ್ತದೆ. ಗಾಳಿಯ ಕಿಂಡಿ ಪೂರ್ತಿ ಮುಚ್ಚುತ್ತದೆ. ಎಬ್ಬಿಸಿದರೆ ಪರಚುತ್ತದೆ. ಏನು ಮಾಡಲಿ?

ಸಾಗರದ_ಲ್ಯಾಬ್

ಕಿಂಡಿ ಮುಚ್ಚಬಾರದು, ಟ್ರಾನ್ಸಿಸ್ಟರ್ ಬಿಸಿಯಾಗುತ್ತವೆ. ಮೇಲೆ ನಾಲ್ಕು ಇಂಚು ಬಿಟ್ಟು ಒಂದು ಹಲಗೆ ಹೊಡೆಯಿರಿ.

ಗೋಪಿಸರ್ಕಲ್_ಗಿರಾಕಿ

ನನ್ನ 3000 ವಾಟಿನದ್ದು ಕೊಡುತ್ತೇನೆ. ಬೆಕ್ಕಿಗೆ ಇರಲಿ.